ನಮ್ಮನೆ ಟೀಮು: ತಾತ, ಅಪ್ಪ, ಅತ್ತೆ, ಆಮೇಲೆ ನಾನು

1/7

ಮೂರು ವರ್ಷದಿಂದ ಕ್ಲಾಸಲ್ಲಿ ಕೇಳಿಸ್ಕೊಳ್ತಿರೋ ಒಂದೇ ಪ್ರಶ್ನೆಗೆ ಇವತ್ತು ಕೂತು ಉತ್ತರ ಬರೀತಿದೀನಿ. "ಇಂಡಿಯನ್ ಫುಟ್‌ಬಾಲ್ ಯಾರೇ ನೋಡ್ತಾರೆ? ನೀನ್ಯಾಕೆ ಬಿಎಫ್‌ಸಿ ಬಿಎಫ್‌ಸಿ ಅಂತ ಸಾಯ್ತೀಯ?" ಕೇಳೋರಲ್ಲಿ ಅರ್ಧ ಜನ ಮ್ಯಾಂಚೆಸ್ಟರ್ ಯುನೈಟೆಡ್, ಉಳಿದರ್ಧ ರಿಯಲ್ ಮ್ಯಾಡ್ರಿಡ್. ಲಾಸ್ಟ್ ಬೆಂಚಲ್ಲಿ ಒಬ್ಬ ಆರ್ಸೆನಲ್ ಇದ್ದಾನೆ, ಅವನಿಗೆ ಅವನದೇ ಕಷ್ಟ ಸಾಕಷ್ಟಿದೆ, ಬಿಡಿ.

ನಿಮ್ಮ ಟೀಮನ್ನ ನೀವು ಆರಿಸ್ಕೊಂಡ್ರಿ. ಯಾರೋ ಒಬ್ಬ ಆಟಗಾರ ಇಷ್ಟ ಆದ, ಇಲ್ಲಾ ವಿಡಿಯೋ ಗೇಮಲ್ಲಿ ಆ ಟೀಮ್ ತಗೊಂಡಾಗೆಲ್ಲ ಗೆದ್ರಿ. ನಂದು ಹಾಗಲ್ಲ. ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸ್ತಾರಲ್ಲ, ಹಾಗೆ ಸೇರಿಸಿಬಿಟ್ರು. ನನ್ನನ್ನ ಯಾರೂ ಕೇಳಲಿಲ್ಲ.

ಈಗ ನೀವು ಕೇಳಬಹುದು: ಬೆಂಗಳೂರು ಎಫ್‌ಸಿ ಹುಟ್ಟಿದ್ದೇ 2013ರಲ್ಲಿ. ಆಗ ನಂಗೆ ಒಂಬತ್ತು ವರ್ಷ. ನನಗಿಂತ ಚಿಕ್ಕ ಕ್ಲಬ್ಬು ವಂಶಪಾರಂಪರ್ಯವಾಗಿ ಬರೋದು ಹೇಗೆ? ಸರಿಯಾದ ಪ್ರಶ್ನೆ. ಅದಕ್ಕೇ ಮೊದಲನೇ ಫೋಟೋದಲ್ಲಿ ಬಿಎಫ್‌ಸಿ ಜರ್ಸಿ ಇಲ್ಲ. ದೂರವಾಣಿನಗರದ ಐಟಿಐ ಕಾರ್ಖಾನೆ ಹತ್ರ ಸೈಕಲ್ ಹಿಡ್ಕೊಂಡು ನಿಂತಿರೋದು ನಮ್ಮ ತಾತ.

2/7

ಐಟಿಐ ಅಂದ್ರೆ ಫಿಟ್ಟರ್ ಕೋರ್ಸ್ ಮಾಡೋ ಐಟಿಐ ಅಲ್ಲ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ. ಹಳೇ ಸಿನಿಮಾದಲ್ಲಿ ಬೆರಳು ಹಾಕಿ ತಿರುಗಿಸೋ ಕಪ್ಪು ಫೋನ್ ನೋಡಿದೀರಲ್ಲ, ಅಂಥ ಫೋನ್ ಮಾಡ್ತಿದ್ದಿದ್ದು ಇಲ್ಲೇ. ಕೆ.ಆರ್. ಪುರಂ ಕಡೆ ಓಡಾಡೋರಿಗೆ ಆ ಕಾಂಪೌಂಡು ಗೊತ್ತಿರತ್ತೆ. ತಾತ 1965ರಲ್ಲಿ ಅಲ್ಲಿಗೆ ಸೇರಿದ್ರು, 2000ದಲ್ಲಿ ರಿಟೈರ್ ಆದ್ರು. ಅಪ್ಪ, ಅತ್ತೆ ಇಬ್ಬರೂ ಬೆಳೆದಿದ್ದು ಕ್ವಾರ್ಟರ್ಸ್‌ನಲ್ಲೇ.

ಆ ಕಾಲದ ಬೆಂಗಳೂರಲ್ಲಿ ಫುಟ್‌ಬಾಲ್ ಟೀಮು ಅಂದ್ರೆ ಬಹುಪಾಲು ಇಂಥವೇ. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಮಿಲಿಟರಿ ಕಡೆಯಿಂದ ಎಂಇಜಿ, ಎಎಸ್‌ಸಿ, ಪೊಲೀಸರದ್ದೊಂದು. ಚೆನ್ನಾಗಿ ಆಡೋ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡ್ತಿದ್ರು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ. ಈಗಿನ ಥರ ಟ್ರಾನ್ಸ್‌ಫರ್ ದುಡ್ಡಿಲ್ಲ, ಪರ್ಮನೆಂಟ್ ನೌಕರಿ ಮತ್ತೆ ಪಿಎಫ್ ಇತ್ತು. ಆಟಸ್ಟಾಂಡ್, ಗೌತಮಪುರ, ಮರ್ಫಿ ಟೌನ್ ಕಡೆಯ ಎಷ್ಟೋ ಮನೆಗಳು ನಿಂತಿದ್ದೇ ಮಗನ ಕಾಲ್ಚೆಂಡಿನ ಮೇಲೆ.

ಅದಕ್ಕೇ ತಾತನಿಗೆ "ಫ್ಯಾನ್" ಅನ್ನೋ ಪದ ಅರ್ಥ ಆಗ್ತಿರ್ಲಿಲ್ಲ. ಗೋಲಿ ಅಂತ ನಿಂತೋನು ಕ್ಯಾಂಟೀನ್ ಕ್ಯೂನಲ್ಲಿ ತಾತನ ಹಿಂದೆ ನಿಲ್ತಿದ್ದ. ಲೆಫ್ಟ್ ವಿಂಗ್ ಆಡೋನು ಪಕ್ಕದ ಸೆಕ್ಷನ್. ಶನಿವಾರ ಪೆನಾಲ್ಟಿ ಹೊರಗೆ ಹೊಡೆದ್ರೆ ಸೋಮವಾರ ಅವನ ಮುಖ ನೋಡ್ಬೇಕು, ಅವನ ಡಬ್ಬಿಯಿಂದ ಚಿತ್ರಾನ್ನ ತಿನ್ನಬೇಕು. ಬೈಯೋಕೆ ಆಗಲ್ಲ, ಬಿಟ್ಟುಹೋಗೋಕಂತೂ ಆಗೋದೇ ಇಲ್ಲ. ಅಣ್ಣತಮ್ಮಂದಿರನ್ನ ಯಾರಾದ್ರೂ "ಸಪೋರ್ಟ್" ಮಾಡ್ತೀನಿ ಅಂತಾರಾ?

ಮೇಲೆ ಬೆರಳು ಜಾರಿ "ಆಟಸ್ಟಾಂಡ್" ಅಂತ ಬಂದಿಲ್ಲ. ಆಸ್ಟಿನ್ ಟೌನ್‌ಗೆ ನಮ್ಮನೇಲಿ ಅಜ್ಜಿ ಇಟ್ಟ ಹೆಸರು ಅದು, ನಮಗೆಲ್ಲ ಅದೇ ಬಾಯಿಗೆ ಬರತ್ತೆ.

ತಾತನ ಜಂಬ ಅಂದ್ರೆ ಜಂಬ. ಕೋಲ್ಕತ್ತದೋರು ಫುಟ್‌ಬಾಲ್ ತಮ್ಮದು ಅಂತಾರಲ್ಲ, ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಹೆಸರಾದ ಐದು ಜನ ಫಾರ್ವರ್ಡ್‌ಗಳಲ್ಲಿ ನಮ್ಮೂರ ಅಹ್ಮದ್ ಖಾನ್ ಇದ್ರು, ಧನರಾಜ್ ಇದ್ರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಇಂಡಿಯಾ ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದ್ದು. ಆ ಟೀಮಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದ್ರು. ಎರಡು ಪೆನಾಲ್ಟಿ ಕಳ್ಕೊಂಡು 2-1ರಲ್ಲಿ ಸೋತ ಮ್ಯಾಚದು. ಅದಕ್ಕಿಂತ ಮುಂಚೆ 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಅನ್ನೋ ನಮ್ಮ ಕ್ಲಬ್ಬು ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಇದೆಲ್ಲ ತಾತ ಊಟಕ್ಕೆ ಕೂತಾಗ ಹೇಳ್ತಿದ್ದಿದ್ದು, ಪ್ರತಿ ಸಲ ಹೊಸದಾಗಿ ಹೇಳೋ ಥರ.

3/7

ಈಗ ಅತ್ತೆ ವಿಷಯಕ್ಕೆ ಬರ್ತೀನಿ. ಈ ಸರಣಿ ಬರೆಯೋಕೆ ಅವರೇ ಕಾರಣ. ಎರಡನೇ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ.

1978ರಿಂದ ತಾತ ಅಪ್ಪನನ್ನ ಮ್ಯಾಚಿಗೆ ಕರ್ಕೊಂಡು ಹೋಗೋಕೆ ಶುರು ಮಾಡಿದ್ರು. ಅಪ್ಪನಿಗೆ ಎಂಟು ವರ್ಷ. ಬಿಟಿಎಸ್ ಬಸ್ ಹತ್ತಿ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಕಡ್ಲೆಕಾಯಿ ಪೊಟ್ಟಣ, ಗೆದ್ರೆ ವಾಪಸ್ ಬರುವಾಗ ಮಸಾಲೆ ದೋಸೆ. ಅತ್ತೆ ಅಪ್ಪನಿಗಿಂತ ಮೂರು ವರ್ಷ ದೊಡ್ಡೋರು. ಅವರು ಮನೇಲಿ. ರಾತ್ರಿ ಬಾಗಿಲು ತೆಗೆದು ಮೊದಲು ಕೇಳ್ತಿದ್ದ ಮಾತು, "ಎಷ್ಟು?"

ಕಾರ್ಖಾನೆಯಿಂದ ವರ್ಷಾ ವರ್ಷ ಡೈರಿ ಕೊಡ್ತಿದ್ರು. ಹಿಂದಿನ ಖಾಲಿ ಹಾಳೆಗಳು ಅತ್ತೆ ಪಾಲು. ತಾರೀಖು, ಎದುರಾಳಿ, ಸ್ಕೋರು, ಗೋಲ್ ಹೊಡೆದೋರು. ಗೆದ್ರೆ ನೀಲಿ ಇಂಕು, ಸೋತ್ರೆ ಕೆಂಪು, ಡ್ರಾ ಆದ್ರೆ ಪೆನ್ಸಿಲ್ಲು. ಅಪ್ಪ ಅರೆನಿದ್ದೆಲಿ ಹೇಳಿದ್ದನ್ನ ನಂಬದೆ ತಾತನನ್ನೂ ಕೇಳಿ, ಎರಡೂ ಹೊಂದಿದ್ರೆ ಮಾತ್ರ ಬರೀತಿದ್ರಂತೆ. ಮಾರನೇ ದಿನ ಪೇಪರ್ ಬಂದ್ಮೇಲೆ ಮತ್ತೆ ತಾಳೆ ನೋಡೋದು. ಸ್ವಲ್ಪ ದಿನಕ್ಕೆ ಸೆಕ್ಷನ್‌ನಲ್ಲಿ ಏನಾದ್ರೂ ವಾದ ಹತ್ತಿಕೊಂಡ್ರೆ ತಾತ ಮನೆಗೆ ಬಂದು ಕೇಳೋಕೆ ಶುರು ಮಾಡಿದ್ರು: "ಹೋದ ವರ್ಷ ಎಚ್‌ಎಎಲ್ ಮೇಲೆ ಫಸ್ಟ್ ಗೋಲು ಯಾರ್ದಮ್ಮ?" ಅತ್ತೆ ಡೈರಿ ತೆಗೀದೇ ಹೇಳ್ತಿದ್ರು. ಮನೆಗೆ ಬಂದ ಸಹೋದ್ಯೋಗಿಗಳಿಗೆ "ನಮ್ಮ ರೆಕಾರ್ಡ್ ಆಫೀಸು" ಅಂತ ಪರಿಚಯ ಮಾಡಿಸ್ತಿದ್ರು.

ಅಷ್ಟಿದ್ರೂ ಒಂದು ದಿನ ಕರ್ಕೊಂಡು ಹೋಗಲಿಲ್ಲ.

ಇಪ್ಪತ್ತು ವರ್ಷ ಒಂದು ಟೀಮಿನ ಪ್ರತಿ ಮ್ಯಾಚು ಬರೆದಿಟ್ಟು, ಆ ಟೀಮು ಆಡೋದನ್ನ ಒಮ್ಮೆಯೂ ಕಣ್ಣಾರೆ ನೋಡದೇ ಇರೋ ಮನುಷ್ಯರು ನಿಮಗೆ ಗೊತ್ತಾ? ನನಗೊಬ್ಬರು ಗೊತ್ತು. ಲಾಯಲ್ಟಿ ಬಗ್ಗೆ ಯಾರಾದ್ರೂ ದೊಡ್ಡದಾಗಿ ಮಾತಾಡಿದ್ರೆ, ಸೀಸನ್ ಟಿಕೆಟ್ ತೋರಿಸಿದ್ರೆ, ಟ್ಯಾಟೂ ತೋರಿಸಿದ್ರೆ, ನನಗೆ ಆ ಪೆನ್ಸಿಲ್ ಅಕ್ಷರ ನೆನಪಾಗತ್ತೆ.

4/7

ಐಟಿಐ ಟೀಮು ಒಂದಿನ ಮುಚ್ಚಿತು ಅಂತ ಹೇಳೋಕೆ ಬರಲ್ಲ. ಟೀಮು ಚಿಕ್ಕದೇನೂ ಆಗಿರ್ಲಿಲ್ಲ, ನ್ಯಾಷನಲ್ ಲೀಗ್‌ವರೆಗೂ ಹೋಗಿತ್ತು. ಆದ್ರೆ ಮನೆಮನೆಗೆ ಮೊಬೈಲ್ ಬರೋ ಹೊತ್ತಿಗೆ ಫೋನ್ ಕಾರ್ಖಾನೆಗೆ ಕಷ್ಟ ಬಂತು. ಹೊಸಬರ ನೇಮಕ ಕಮ್ಮಿ ಆಯ್ತು. ಕಾರ್ಖಾನೆ ಟೀಮಿಗೆ ಹೊಸ ಹುಡುಗ ಬರೋದೇ ನೇಮಕದ ಬಾಗಿಲಿಂದ. ಅದು ಮುಚ್ಚಿದ್ರೆ ಇರೋರಿಗೆ ವಯಸ್ಸಾಗತ್ತೆ ಅಷ್ಟೇ. ಎಚ್‌ಎಎಲ್ ಇನ್ನೂ ಸ್ವಲ್ಪ ದಿನ ಎಳೆದು, ಐ-ಲೀಗ್ ಆಡಿ, ಕೆಳಗಿಳೀತು. ಅತ್ತೆ ಡೈರಿಲೂ ನಮೂದು ತೆಳ್ಳಗಾಗ್ತಾ ಬಂತು. ಕೊನೆಕೊನೆಗೆ ಪುಟಕ್ಕೆ ಎರಡೋ ಮೂರೋ ಸಾಲು, ಅದ್ರಲ್ಲೂ ಕೆಂಪೇ ಜಾಸ್ತಿ.

ತಾತ ಆಮೇಲೆ ಯಾವ ಟೀಮೂ ಹಿಡೀಲಿಲ್ಲ. ವರ್ಲ್ಡ್ ಕಪ್ ಬಂದ್ರೆ ಬ್ರೆಜಿಲ್ ನೋಡೋರು, ಅದೂ ಫುಟ್‌ಬಾಲ್ ಗೊತ್ತಿರೋ ಬೆಂಗಳೂರಿನ ಎಲ್ಲ ಹಳಬರ ಥರ.

ಕೋಲ್ಕತ್ತದಲ್ಲಿ ಇದು ಸುಲಭ. ಮೋಹನ್ ಬಾಗಾನ್ 1889ರದ್ದು, ಈಸ್ಟ್ ಬೆಂಗಾಲ್ 1920ರದ್ದು. ಪೂರ್ವ ಬಂಗಾಳದಿಂದ ಬಂದ ಮನೆಯೋರಾದ್ರೆ ಇದು, ಇಲ್ಲಿಯವರಾದ್ರೆ ಅದು. ಮುತ್ತಾತ ಕೂಗಿದ ಹೆಸರನ್ನೇ ಮರಿಮಗನೂ ಕೂಗಬಹುದು. ನಮ್ಮೂರಲ್ಲಿ ತಾತನ ಕ್ಲಬ್ಬು ತಾತನ ಕಣ್ಣೆದುರೇ ಹೋಯ್ತು. ಹಾಗಾದ್ರೆ ಮಕ್ಕಳಿಗೆ ಏನು ದಾಟಿಸ್ಬೇಕು? ಇದು ನಮ್ಮನೆ ಪ್ರಶ್ನೆ ಮಾತ್ರ ಅಲ್ಲ ಅನ್ಸತ್ತೆ. ಬೆಂಗಳೂರಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

5/7

2013ರಲ್ಲಿ ಬಿಎಫ್‌ಸಿ ಬಂತು. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಊರಿನ ಹೆಸರು ಅಧಿಕೃತವಾಗಿ ಬೆಂಗಳೂರು ಅಂತ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಕ್ಲಬ್ಬು ಅದಕ್ಕಿಂತ ಒಂದು ವರ್ಷ ಮುಂಚೆನೇ ಬೆಂಗಳೂರು ಅಂತ ಇಟ್ಕೊಂಡಿತ್ತು. ಸಣ್ಣ ವಿಷಯ, ನಂಗಿಷ್ಟ.

ಮೊದಲ ಸೀಸನ್ ಆಡಿದ್ದು ಅದೇ ಅಶೋಕನಗರದ ಸ್ಟೇಡಿಯಂನಲ್ಲಿ. ಅಪ್ಪ ತಾತನನ್ನ ಕರ್ಕೊಂಡು ಹೋದ್ರು. ತಾತ ಬಂದು ಹೇಳಿದ್ದು ಎರಡೇ ಮಾತು. ಒಂದು, "ಹುಲ್ಲೇ ಇಲ್ಲ ಕಣೋ, ಎಲ್ಲ ಪ್ಲಾಸ್ಟಿಕ್ಕು." ಇನ್ನೊಂದು, "ಇವರೆಲ್ಲ ಎಲ್ಲಿ ಕೆಲಸ ಮಾಡ್ತಾರೆ?"

ನಾನು ಹೇಳ್ದೆ, "ತಾತ, ಫುಟ್‌ಬಾಲೇ ಅವರ ಕೆಲಸ."

"ಅದು ಸರಿ. ಕೆಲಸ ಎಲ್ಲಿ?"

ಆ ಟೀಮು ಮೊದಲನೇ ವರ್ಷವೇ ಐ-ಲೀಗ್ ಗೆದ್ದಿತು. ತಾತ ಚಪ್ಪಾಳೆ ತಟ್ಟಿದ್ರು. ಆದ್ರೆ ಕೊನೇವರೆಗೂ ಅವರ ಬಾಯಲ್ಲಿ ಬಿಎಫ್‌ಸಿ ಅಂದ್ರೆ "ಆ ಟೀಮು", ಐಟಿಐ ಅಂದ್ರೆ "ನಮ್ ಟೀಮು". ಬದಲಾಗಲೇ ಇಲ್ಲ. ಅಪ್ಪ ಮಾತ್ರ ಸಲೀಸಾಗಿ ಈ ಕಡೆ ಬಂದ್ರು. ಅಪ್ಪನಿಗೆ ಜರ್ಸಿ ಮೇಲೆ ಏನಿದೆ ಅನ್ನೋದು ಅಷ್ಟು ಮುಖ್ಯ ಅಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದು ಮುಖ್ಯ. ಎಂಟನೇ ವಯಸ್ಸಿಂದ ಅವರು ನೋಡಿದ್ದೇ ಹಾಗೆ.

2015ರ ಮೇ 31. ಕಂಠೀರವದಲ್ಲಿ ಲೀಗಿನ ಕೊನೇ ಮ್ಯಾಚು, ಎದುರಿಗೆ ಮೋಹನ್ ಬಾಗಾನ್. ನಾವು ಗೆದ್ರೆ ಕಪ್ ನಮ್ಮದು, ಡ್ರಾ ಆದ್ರೂ ಅವರದ್ದು. ಅಪ್ಪ ಮೂರು ಟಿಕೆಟ್ ತಂದಿದ್ರು. ಅವರಿಗೆ, ನಂಗೆ, ಅಣ್ಣನಿಗೆ. ಅಣ್ಣನಿಗೆ ಟ್ಯೂಷನ್ ಇತ್ತು, ಜೊತೆಗೆ ಅವನು ಆಗಲೇ ಮ್ಯಾಂಚೆಸ್ಟರ್ ಪಾರ್ಟಿ. ಒಂದು ಟಿಕೆಟ್ ಟೇಬಲ್ ಮೇಲೆ ಉಳೀತು. ತಾತನಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ. ನಾನು ಹನ್ನೊಂದು ವರ್ಷದೋಳು, ಹೇಳಿದ್ದು ಇಷ್ಟೇ: "ಅತ್ತೆ ಬರಲಿ."

ಯಾರೂ ಮಾತಾಡಲಿಲ್ಲ. ಆಮೇಲೆ ನಾನೇ ತಾತನ್ನ ಕೇಳ್ದೆ, ಅತ್ತೆನ ಯಾಕೆ ಯಾವತ್ತೂ ಕರ್ಕೊಂಡು ಹೋಗಿಲ್ಲ ಅಂತ. ತಾತ ಹೇಳಿದ್ರು, "ಆಗೆಲ್ಲ ಗ್ರೌಂಡಿಗೆ ಹೆಣ್ಮಕ್ಳು ಬರ್ತಿರ್ಲಿಲ್ಲಮ್ಮ. ಅವಳೂ ಕೇಳಲಿಲ್ಲ."

ಅತ್ತೆ ಹುರುಳಿಕಾಯಿ ನಾರು ತೆಗೀತಾ ಕೂತಿದ್ರು. ತಲೆ ಎತ್ತದೆ ಹೇಳಿದ್ರು, "ಕೇಳಿದ್ದೆ. ಒಂದ್ಸಲ. ಮುಂದಿನ ವಾರ ಅಂದಿದ್ರಿ."

6/7

ಅವತ್ತು ಮಳೆ. ಅತ್ತೆ ಸೀರೆ ಮೇಲೆ ಅಪ್ಪನ ಹಳೇ ರೇನ್‌ಕೋಟು. ನಲವತ್ತೆಂಟನೇ ವಯಸ್ಸಲ್ಲಿ ಮೊದಲ ಮ್ಯಾಚು. ನಾನು ಆಟ ನೋಡಿದ್ದಕ್ಕಿಂತ ಅವರ ಮುಖ ನೋಡಿದ್ದು ಜಾಸ್ತಿ. ಅವರು ಕೂಗ್ತಾರೆ, ಕುಣೀತಾರೆ ಅಂದ್ಕೊಂಡಿದ್ದೆ. ಅದೇನೂ ಇಲ್ಲ. ವೆಸ್ಟ್ ಬ್ಲಾಕ್ ಕಡೆ ಡ್ರಮ್ಮು, ಹಾಡು ನಿಲ್ಲದೆ ನಡೀತಾ ಇದ್ರೆ, ಇವರು ಕೈ ಕಟ್ಕೊಂಡು, ಪರೀಕ್ಷೆ ಹಾಲಲ್ಲಿ ಮೇಲ್ವಿಚಾರಕಿ ಥರ ನೋಡ್ತಾ ಕೂತಿದ್ರು. ಹತ್ತು ನಿಮಿಷಕ್ಕೊಂದು ಮಾತು. "ಅವರ ರೈಟ್ ಬ್ಯಾಕು ಸುಸ್ತಾಗಿದ್ದಾನೆ." ಅಪ್ಪ ತಿರುಗಿ ನೋಡಿದ್ರು. ನಲವತ್ತು ವರ್ಷ ಮ್ಯಾಚ್ ನೋಡಿದೋರು ಗಮನಿಸಿರಲಿಲ್ಲ.

41ನೇ ನಿಮಿಷಕ್ಕೆ ಜಾನ್ ಜಾನ್ಸನ್ ಗೋಲು. ಆಗ ಮಾತ್ರ ಅತ್ತೆ ನನ್ನ ಕೈ ಹಿಡ್ಕೊಂಡ್ರು, ಬಿಡಲಿಲ್ಲ. 87ನೇ ನಿಮಿಷಕ್ಕೆ ಕಾರ್ನರ್, ಬೆಲ್ಲೊ ರಜಾಕ್ ತಲೆ ಕೊಟ್ಟ, 1-1. ಕಪ್ ಕೋಲ್ಕತ್ತಕ್ಕೆ. ಮೂರು ನಿಮಿಷ ಕಣ್ರೋ. ಈಗ ಬರೀವಾಗಲೂ ಹೊಟ್ಟೆ ಉರಿಯತ್ತೆ.

ರಾತ್ರಿ ಮನೆಗೆ ಬಂದ್ರೆ ತಾತ ಟಿವಿ ಆಫ್ ಮಾಡಿ, ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ರು. ಸ್ಕೋರ್ ಗೊತ್ತಿತ್ತು, ಆದ್ರೂ ಅತ್ತೆನೇ ಕೇಳಿದ್ರು: "ಎಷ್ಟಮ್ಮ?" ಅತ್ತೆ ಪೂರ್ತಿ ಹೇಳಿದ್ರು, ಯಾವ ನಿಮಿಷ, ಯಾವ ಕಡೆ ಕಾರ್ನರು, ಯಾರು ಮಾರ್ಕ್ ಮಾಡ್ಬೇಕಿತ್ತು. ತಾತ ಮಧ್ಯೆ ಬಾಯಿ ಹಾಕಲಿಲ್ಲ. ಡೈರಿಲಿ ಆ 1-1 ಪೆನ್ಸಿಲ್ಲಲ್ಲಿ ಇರಬೇಕಿತ್ತು. ಮೂರನೇ ಫೋಟೋ ನೋಡಿ, ಕೆಂಪಲ್ಲಿದೆ.

ಅಲ್ಲಿಂದ ಮೂರು ಟಿಕೆಟ್ ಖಾಯಂ. 2016ರಲ್ಲಿ ಕಂಠೀರವದಲ್ಲಿ ಜೋಹೋರ್ ಟೀಮನ್ನ 3-1 ಸೋಲಿಸಿ ಎಎಫ್‌ಸಿ ಕಪ್ ಫೈನಲ್‌ಗೆ ಹೋದಾಗ ನಾವಲ್ಲಿದ್ವಿ. ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ಅಲ್-ಕುವಾ ಅಲ್-ಜವಿಯಾ ಮೇಲೆ 0-1ರಲ್ಲಿ ಸೋತ್ವಿ. ಟಿವಿ ಮುಂದೆ ಎಲ್ಲರೂ ಸುಮ್ಮನಿದ್ದಾಗ ಅಪ್ಪ ಹೇಳಿದ್ರು, ಆ ಹೆಸರಿನ ಅರ್ಥ ಏರ್‌ಫೋರ್ಸ್ ಅಂತ. ತಾತ ಎದ್ದು ಕೂತ್ರು. "ನೋಡ್ದಾ? ಅದೂ ಡಿಪಾರ್ಟ್‌ಮೆಂಟ್ ಟೀಮೇ!" ಆ ರಾತ್ರಿ ನಮ್ಮನೇಲಿ ಖುಷಿಯಾಗಿ ಮಲಗಿದೋರು ಅವರೊಬ್ಬರೇ.

2018ರ ಮಾರ್ಚ್ 17ಕ್ಕೆ ಐಎಸ್‌ಎಲ್ ಫೈನಲ್ ನಮ್ಮ ಗ್ರೌಂಡಲ್ಲೇ, ಚೆನ್ನೈಯಿನ್ ಮೇಲೆ 2-3 ಸೋಲು. ಆ ವರ್ಷದ ಕೊನೇಲಿ ತಾತ ಹೋದ್ರು. ಅದಾಗಿ ಮೂರು ತಿಂಗಳಿಗೆ, 2019ರ ಮಾರ್ಚ್ 17, ಸರಿಯಾಗಿ ಅದೇ ತಾರೀಖು, ಮುಂಬೈನಲ್ಲಿ ಗೋವಾ ಎದುರು ಫೈನಲ್. ಎಕ್ಸ್‌ಟ್ರಾ ಟೈಮು, 117ನೇ ನಿಮಿಷ, ಕಾರ್ನರ್‌ಗೆ ರಾಹುಲ್ ಭೇಕೆ ತಲೆ, 1-0. ಅಪ್ಪ ಅತ್ತರು. ಅತ್ತೆ ನೀಲಿ ಪೆನ್ ಹುಡುಕ್ತಾ ಇದ್ರು, ಸಿಗಲಿಲ್ಲ, ನನ್ನ ಜಾಮಿಟ್ರಿ ಬಾಕ್ಸಿಂದ ತಗೊಂಡ್ರು.

ತಾತನಿಗೆ ಸಿಗದ ಇನ್ನೊಂದೂ ಇದೆ. 1968-69ರಲ್ಲಿ ಮೈಸೂರು ಅಂತ ಇದ್ದಾಗ ನಮ್ಮ ರಾಜ್ಯ ಸಂತೋಷ್ ಟ್ರೋಫಿ ಗೆದ್ದಿದ್ದು ಅವರ ಯೌವನದ ಕಥೆ. ಮತ್ತೆ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ಕರ್ನಾಟಕ ಅಂತ, ರಿಯಾದ್‌ನಲ್ಲಿ, ಮೇಘಾಲಯ ಮೇಲೆ 3-2. ಮಧ್ಯೆ 54 ವರ್ಷ. ಅದನ್ನೂ ಅತ್ತೆ ಬರೆದಿದ್ದಾರೆ, ಬಿಎಫ್‌ಸಿ ಪುಟದಲ್ಲಲ್ಲ, ಐಟಿಐ ಡೈರಿಲಿ ಉಳಿದಿದ್ದ ಒಂದು ಹಾಳೆಲಿ.

7/7

ಈಗ ಇದನ್ನೆಲ್ಲ ಯಾಕೆ ಬರೀತಿದೀನಿ ಅಂದ್ರೆ, 2025ರ ಆಗಸ್ಟ್‌ನಲ್ಲಿ ಬಂದ ಸುದ್ದಿ ನೀವೂ ಓದಿರ್ತೀರಿ. ಫೆಡರೇಶನ್‌ಗೂ ಲೀಗ್ ನಡೆಸೋ ಕಂಪನಿಗೂ ಇದ್ದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯೋದಿತ್ತು, ಆಗಿನ್ನೂ ಹೊಸದು ಆಗಿರ್ಲಿಲ್ಲ, ಐಎಸ್‌ಎಲ್ ತಡೆಹಿಡಿದಿದ್ರು. ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸಿತ್ತು. ಅವತ್ತು ಕ್ಲಾಸ್ ಗ್ರೂಪಲ್ಲಿ ಮೂರು ಮೀಮ್ ಬಂತು. ಒಂದು ಚೆನ್ನಾಗಿತ್ತು, ಒಪ್ಕೋತೀನಿ.

ನಾನು ಮೊಬೈಲ್ ಹಿಡ್ಕೊಂಡು ಅಡುಗೆಮನೆಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಅವರು ಕೇಳಿದ ಮೊದಲ ಮಾತು, "ಯೂತ್ ಟೀಮಿನ ಹುಡುಗರದ್ದು?" ನಾನು ಅದನ್ನ ಯೋಚಿಸಿಯೇ ಇರಲಿಲ್ಲ. ಒಂದು ಟೀಮು ಹೇಗೆ ಖಾಲಿ ಆಗತ್ತೆ ಅನ್ನೋದು ಅವರಿಗೆ ಗೊತ್ತು. ಹೊಸ ಹುಡುಗರು ಬರೋ ಬಾಗಿಲು ತೆರೆದಿದೆಯಾ ಅಂತ ಮೊದಲು ನೋಡ್ತಾರೆ. ಯೂತ್ ಟೀಮ್, ಸಾಕರ್ ಸ್ಕೂಲ್ ಮುಂದುವರಿಯತ್ತೆ ಅಂತ ಕ್ಲಬ್ ಹೇಳಿದೆ ಅಂದೆ. "ಹಾಗಾದ್ರೆ ಸರಿ," ಅಂದು ಒಗ್ಗರಣೆ ಹಾಕಿದ್ರು.

ನಂಗೆ ಅಷ್ಟು ಸಮಾಧಾನ ಬರಲಿಲ್ಲ. ಜನವರಿಗೆ ನಾನು ಕೆಲಸಕ್ಕೆ ಪುಣೆಗೆ ಹೋಗ್ಬೇಕು. ಈ ಸೀಸನ್ನೇ ಮೂರು ಟಿಕೆಟ್ಟಿನ ಕೊನೇ ಸೀಸನ್ ಅಂದ್ಕೊಂಡಿದ್ದೆ. ಅದೂ ಇಲ್ಲ ಅಂದ್ರೆ? ಅತ್ತೆಗೆ 58, ಮಂಡಿ ನೋವು. ಮೆಟ್ರೋ ಆದ್ಮೇಲೆ ಕೆ.ಆರ್. ಪುರಂನಿಂದ ಕಬ್ಬನ್ ಪಾರ್ಕ್ ಸ್ಟೇಷನ್‌ಗೆ ಒಂದೇ ಟ್ರೇನು, ಅಷ್ಟು ಸುಲಭ ಆಗಿದೆ, ಆದ್ರೂ ಕಂಠೀರವದ ಮೆಟ್ಟಿಲಲ್ಲಿ ಎರಡು ಸಲ ನಿಂತು ಹತ್ತುತಾರೆ. ಇನ್ನೆಷ್ಟು ವರ್ಷ ಹತ್ತುತಾರೋ.

ಇದನ್ನ ಅತ್ತೆ ಹತ್ರ ಹೇಳಲಿಲ್ಲ. ಅವರೇ ಮಾರನೇ ದಿನ ಕಾಫಿ ಕೊಡ್ತಾ ಕೇಳಿದ್ರು, "ಅಶೋಕನಗರದಲ್ಲಿ ಸೂಪರ್ ಡಿವಿಷನ್ ಇನ್ನೂ ಆಡ್ತಾರಲ್ವಾ?"

ಆಡ್ತಾರೆ. ಬಿಎಫ್‌ಸಿಯ ಹುಡುಗರ ಟೀಮೂ ಆ ಲೀಗಲ್ಲಿ ಆಡಿದೆ. ಗ್ಯಾಲರಿಲಿ ಜನ ಕಮ್ಮಿ, ಹಳೇ ಆಟಗಾರರು, ಅವರ ಮೊಮ್ಮಕ್ಕಳು, ಆಫೀಸ್ ಮುಗಿಸಿ ಬಂದೋರು.

"ನಾನಲ್ಲಿಗೆ ಹೋಗೇ ಇಲ್ಲ ನೋಡು," ಅಂದ್ರು.

ನಿಜ. ಕಂಠೀರವಕ್ಕೆ ಹತ್ತು ವರ್ಷದಿಂದ ಹೋಗ್ತಿದ್ದಾರೆ. ಆದ್ರೆ ಐಟಿಐ ಆಡ್ತಿದ್ದ ಸ್ಟೇಡಿಯಂ, ಡೈರಿಯ ಆ ನೀಲಿ ಕೆಂಪು ಸಾಲುಗಳೆಲ್ಲ ನಡೆದ ಜಾಗ, ಮುಂದಿನ ವಾರ ಕರ್ಕೊಂಡು ಹೋಗ್ತೀನಿ ಅಂತ ತಾತ ಹೇಳಿದ್ದ ಜಾಗ, ಅದರ ಗೇಟು ಕೂಡ ಅವರು ದಾಟಿಲ್ಲ. ಪಕ್ಕದಲ್ಲಿ ಕೂತು ಪೇಪರ್ ಓದ್ತಿದ್ದ ಅಪ್ಪ ಪೇಪರ್ ಮಡಚಿದ್ರು. ಏನೂ ಹೇಳದೆ ಎದ್ದು ಹೋಗಿ ಫೋನಲ್ಲಿ ಹಳೇ ಸ್ನೇಹಿತರೊಬ್ಬರಿಗೆ ಮ್ಯಾಚ್ ಪಟ್ಟಿ ಕೇಳಿದ್ರು.

ಮೊದಲು ಸಿಗೋ ಮ್ಯಾಚಿಗೇ ಹೋಗ್ತೀವಿ. ಎಂ.ಜಿ. ರೋಡ್ ಸ್ಟೇಷನ್‌ನಲ್ಲಿ ಇಳಿದು ಆಟೋ, ಅತ್ತೆಗೆ ನಡೆಯೋಕೆ ದೂರ ಆಗತ್ತೆ. ಕೆಳಗಿನ ಸಾಲಲ್ಲೇ ಕೂರೋದು. ಅಣ್ಣನೂ ಬರ್ತಾನಂತೆ. ನಮ್ಮ ಕ್ಲಾಸೋರು ಯಾರಾದ್ರೂ ಬರೋದಾದ್ರೆ ಮೆಸೇಜ್ ಹಾಕಿ, ತಾರೀಖು ಹೇಳ್ತೀನಿ. ಆರ್ಸೆನಲ್ಲೋನೂ ಬರಬಹುದು. ಕಡ್ಲೆಕಾಯಿ ಅಪ್ಪ ಕೊಡಿಸ್ತಾರೆ. ಸ್ಕೋರ್ ಬಗ್ಗೆ ಅತ್ತೆ ಹತ್ರ ವಾದ ಮಾತ್ರ ಮಾಡ್ಬೇಡಿ.